ಗುಡ್ಡೆ ಹತ್ತುವಾಗ ಮಾತಾಡ್ತಾ ಇರಿ

ಹುತ್ತದ ಮಣ್ಣು ಇನ್ನೂ ಒದ್ದೆಯಿತ್ತು. ಮೇಲಿನ ತುದಿ ಒಡೆದು ಬಿದ್ದಿತ್ತು. ಬುಡದಲ್ಲಿ ಒಂದು ಕೊಡಪಾನ ಇಳಿಸುವಷ್ಟು ದೊಡ್ಡ ಗುಂಡಿ, ಆ ಗುಂಡಿಯ ಬದಿಯಲ್ಲಿ ಉದ್ದುದ್ದ ಉಗುರಿನ ಗೀರುಗಳು. ನಮ್ಮ ಟೆಂಟಿನಿಂದ ಅಲ್ಲಿಗೆ ಜಾಸ್ತಿ ಅಂದ್ರೆ ನೂರೈವತ್ತು ಹೆಜ್ಜೆ. ನಾವು ಅದನ್ನು ನೋಡುವ ಹತ್ತು ನಿಮಿಷ ಮೊದಲು ನನ್ನ ಏಳು ವರ್ಷದ ಮಗ ಅದೇ ದಾರಿಯಲ್ಲಿ ಒಬ್ಬನೇ ತೋಡಿಗೆ ಹೋಗಿ, ಮುಖ ತೊಳೆದು, ಸದ್ದಿಲ್ಲದೆ ವಾಪಸ್ ಬಂದಿದ್ದ.

ಅವತ್ತು ನನ್ನ ಕೈಕಾಲು ನಡುಗಿದ್ದು ಇನ್ನೂ ನೆನಪಿದೆ.

ಕಳೆದ ಜನವರಿಯ ಮಾತು ಇದು. ಸೋಮೇಶ್ವರದ ಹತ್ತಿರ, ಘಟ್ಟದ ಬುಡದಲ್ಲಿ, ನನ್ನ ಮಾವನ ಅಡಿಕೆ ತೋಟ ಉಂಟು. ಮಾವ ಅಂದ್ರೆ ಅಮ್ಮನ ತಮ್ಮ. ಸಂಕ್ರಾಂತಿ ರಜೆಗೆ ಅಲ್ಲಿಗೆ ಹೋಗಿ ಮನೆಯೊಳಗೆ ಮಲಗದೆ ತೋಟದ ಮೇಲಿನ ಬಯಲಿನಲ್ಲಿ ಟೆಂಟ್ ಹಾಕಬೇಕು ಅಂತ ಮಕ್ಕಳ ಹಠ. ಉಡುಪಿಯ ಫ್ಲ್ಯಾಟಿನಲ್ಲಿ ಬೆಳೆಯುವ ಮಕ್ಕಳು, ಆಸೆ ಸಹಜ ಅಲ್ವಾ. ನಮಗೂ ಖುಷಿಯೇ. ಟೆಂಟ್ ಮನೆಯಲ್ಲೇ ಇತ್ತು, ಅದರಲ್ಲಿ ಮಲಗಿ ಅಭ್ಯಾಸವೂ ಇತ್ತು. ಕರಡಿ ಇರುವ ಕಾಡಿನಲ್ಲಿ ಹೇಗೆ ಇರಬೇಕು ಅಂತ ನಮಗೆ ಗೊತ್ತು ಅನ್ನುವ ಧೈರ್ಯವೂ ಇತ್ತು. ಆ ಧೈರ್ಯ ಎಲ್ಲಿಂದ ಬಂತು ಅಂತ ಮೊದಲು ಹೇಳಬೇಕು.

ಅದಕ್ಕೆ ಎರಡು ವರ್ಷ ಮೊದಲು ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮನೆಗೆ ಹೋದಾಗ ಯೊಸೆಮಿಟಿ ನ್ಯಾಷನಲ್ ಪಾರ್ಕಿನಲ್ಲಿ ಎರಡು ರಾತ್ರಿ ಟೆಂಟಿನಲ್ಲಿ ಇದ್ದೆವು. ಅಲ್ಲಿ ಇರುವುದು ಅಮೆರಿಕದ ಕಪ್ಪು ಕರಡಿ, ನಮ್ಮ ಕರಡಿಗಿಂತ ಬೇರೆ ಜಾತಿ. ಟೆಂಟ್ ಹಾಕುವ ಪ್ರತಿ ಜಾಗದಲ್ಲೂ ಒಂದು ಕಬ್ಬಿಣದ ಪೆಟ್ಟಿಗೆ ನೆಟ್ಟಿರುತ್ತಾರೆ. ಅದರ ಚಿಲಕ ಕರಡಿಯ ಪಂಜಕ್ಕೆ ತೆರೆಯಲು ಬಾರದ ಹಾಗೆ ಮಾಡಿರುತ್ತಾರೆ. ತಿನ್ನುವ ವಸ್ತು ಎಲ್ಲವೂ ಅದರೊಳಗೆ. ತಿನ್ನುವುದು ಮಾತ್ರ ಅಲ್ಲ, ಪೇಸ್ಟು, ಸಾಬೂನು, ಮಗುವಿಗೆ ಒರೆಸುವ ವೈಪ್ಸು, ಸನ್‌ಸ್ಕ್ರೀನು, ವಾಸನೆ ಇರುವ ಎಲ್ಲವೂ. ಕತ್ತಲಾದ ಮೇಲೆ ಕಾರಿನಲ್ಲಿ ಒಂದು ಚೂಯಿಂಗ್ ಗಮ್ ಕೂಡ ಬಿಡುವ ಹಾಗಿಲ್ಲ. ಅಕ್ಕ ನಮ್ಮ ಚಕ್ಕುಲಿ ಡಬ್ಬ, ಉಪ್ಪಿನಕಾಯಿ ಬಾಟಲಿ, ಅಮ್ಮ ಕೊಟ್ಟ ಮೆಂತೆಹಿಟ್ಟಿನ ಪೊಟ್ಟಣ, ಎಲ್ಲವನ್ನೂ ಒಂದೊಂದಾಗಿ ತೆಗೆದು ಪೆಟ್ಟಿಗೆಗೆ ತುಂಬಿಸಿದಳು. ಆಮೇಲೆ ಮಕ್ಕಳ ಜೇಬು ತಡಕಿದಳು. ಒಂದು ಚಾಕಲೇಟ್ ಸಿಕ್ಕಿತು.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. 1998ರಲ್ಲಿ ಆ ಒಂದೇ ಪಾರ್ಕಿನಲ್ಲಿ ಕರಡಿಗಳು ಕಾರು ಒಡೆದದ್ದು, ಊಟ ಕದ್ದದ್ದು, ಹೀಗೆ ಒಂದೂವರೆ ಸಾವಿರಕ್ಕೂ ಜಾಸ್ತಿ ಪ್ರಕರಣ ಆಗಿದ್ದವು. ಕಾರಿನ ಬಾಗಿಲನ್ನು ಮೇಲಿನ ಅಂಚಿನಿಂದ ಹಿಡಿದು ಮಡಚಿಬಿಡುತ್ತಿದ್ದವು. ಆಮೇಲೆ ಪೆಟ್ಟಿಗೆ ಜಾಸ್ತಿ ಮಾಡಿದರು, ರಾತ್ರಿ ಗಸ್ತು ಜಾಸ್ತಿ ಮಾಡಿದರು, ಬಂದವರಿಗೆಲ್ಲ ತಿಳಿಹೇಳಿದರು. ಪ್ರಕರಣಗಳು ತುಂಬಾ ಕಡಿಮೆಯಾದವು. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಆ ಜಾಗ ಬಿಟ್ಟು ಹೋಗುವುದಿಲ್ಲ, ಹೆದರಿಕೆ ಕಳೆದುಕೊಳ್ಳುತ್ತದೆ, ಕೊನೆಗೆ ಅದನ್ನು ಕೊಲ್ಲುವ ಸ್ಥಿತಿ ಬರುತ್ತದೆ. ನಾವು ಮರೆತ ಒಂದು ಬಿಸ್ಕೆಟ್ ಪ್ಯಾಕಿನಿಂದ ಅದರ ಪ್ರಾಣ ಹೋಗಬಹುದು. ನನ್ನ ಮಗಳು ಇದನ್ನು ಕೇಳಿ ಅವತ್ತು ರಾತ್ರಿ ಎರಡು ಸಲ ಎದ್ದು ಪೆಟ್ಟಿಗೆಯ ಚಿಲಕ ನೋಡಿ ಬಂದಳು.

ಸೋಮೇಶ್ವರದಲ್ಲೂ ನಾವು ಅದನ್ನೇ ಮಾಡಿದೆವು. ಅಡುಗೆ, ಊಟ ಎಲ್ಲ ಮಾವನ ಮನೆಯ ಅಂಗಳದಲ್ಲಿ. ಬಂಗುಡೆ ಹುರಿದ ಬಟ್ಟೆಯಲ್ಲಿ ಯಾರೂ ಮಲಗಬಾರದು ಅಂತ ಹೇಳಿ ಎಲ್ಲರ ಬಟ್ಟೆ ಬದಲಾಯಿಸಿದೆ. ಟೆಂಟಿನೊಳಗೆ ನೀರಿನ ಬಾಟಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲ ಸರಿ ಮಾಡಿದ್ದೇವೆ ಅಂದುಕೊಂಡು ಮಲಗಿದೆವು.

ಮಧ್ಯರಾತ್ರಿ ಕಳೆದ ಮೇಲೆ ಮಗಳಿಗೆ ಎಚ್ಚರವಾಯಿತಂತೆ. ದೂರದಲ್ಲಿ ಏನೋ ಮೋಟಾರ್ ಎಳೆದು ನಿಲ್ಲಿಸಿದ ಹಾಗೆ, ಮತ್ತೆ ಎಳೆದ ಹಾಗೆ ಸದ್ದು. ತೋಟಕ್ಕೆ ನೀರು ಬಿಡುವ ಪಂಪು ಇರಬೇಕು ಅಂತ ಮತ್ತೆ ಮಲಗಿದಳು. ಬೆಳಿಗ್ಗೆ ಚಾ ಕುಡಿಯುವಾಗ ಅವಳು ಇದನ್ನು ಹೇಳಿದ ಕೂಡಲೇ ಮಾವ ಲೋಟ ಕೆಳಗಿಟ್ಟರು. "ರಾತ್ರಿ ಕರೆಂಟೇ ಇರ್ಲಿಲ್ಲ ಮಗಾ" ಅಂದರು. ಆಮೇಲೆ ನಮ್ಮನ್ನು ಕರೆದುಕೊಂಡು ಹೋಗಿ ಆ ಹುತ್ತ ತೋರಿಸಿದರು.

ಹಂದಿ ಅಲ್ವಾ ಅಂತ ಕೇಳಿದೆ. ಹಂದಿ ಮೂತಿಯಿಂದ ನೆಲ ಉಳುತ್ತದೆ, ಅಗಲವಾಗಿ, ಮೇಲೆ ಮೇಲೆ. ಇದು ಹಾಗಲ್ಲ, ನೇರ ಕೆಳಗೆ ಹೋಗಿದೆ, ಗಟ್ಟಿ ಹುತ್ತವನ್ನು ಒಡೆದಿದೆ, ಉಗುರು ಕಾಣುತ್ತದೆ. ಇದು ಕರಡಿಯೇ ಅಂದರು. ಮಾವನಿಗೆ ಅರವತ್ತೆಂಟು ವರ್ಷ, ಇಷ್ಟು ವರ್ಷದಲ್ಲಿ ಅವರು ಕರಡಿಯನ್ನು ಕಣ್ಣಾರೆ ನೋಡಿದ್ದು ಎರಡೇ ಸಲ. ನಮ್ಮ ಕಡೆ ಕಾಟಿ (ಕಾಡುಕೋಣ) ಕಾಣುತ್ತದೆ, ಚಿರತೆ ನಾಯಿ ಹಿಡಿಯುತ್ತದೆ, ಕರಡಿ ಕಾಣುವುದು ಅಪರೂಪ. ಆದರೆ ಕುದುರೆಮುಖದ ಕಾಡಿನಲ್ಲಿ, ಸೋಮೇಶ್ವರದ ಕಾಡಿನಲ್ಲಿ ಅದು ಇದೆ, ಯಾವತ್ತೂ ಇತ್ತು.

ನಾನು ಮಾವನಿಗೆ ನಮ್ಮ ಊಟದ ವ್ಯವಸ್ಥೆ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಅದೆಲ್ಲ ಸರಿ ಮಾರಾಯ್ತಿ. ಆದ್ರೆ ಅದಕ್ಕೆ ನಿನ್ನ ಚಪಾತಿ ಬೇಡ. ಅದರ ಊಟ ಆ ಹುತ್ತದೊಳಗೆ ಉಂಟು. ನೀನು ಮಗುವನ್ನು ಸುಮ್ನೆ ಕಳಿಸಿದ್ದೀಯಲ್ಲ, ಅದು ತಪ್ಪು."

ಈ ಪೋಸ್ಟ್ ಬರೆಯಲು ಕಾರಣವೇ ಆ ಮಾತು. ನಾನು ಇಂಟರ್ನೆಟ್‌ನಲ್ಲಿ ಓದಿದ್ದು, ಅಲ್ಲಿ ಕಲಿತದ್ದು ಎಲ್ಲ ಊಟ ಹುಡುಕಿಕೊಂಡು ನಮ್ಮ ಹತ್ತಿರ ಬರುವ ಕರಡಿಯ ಬಗ್ಗೆ. ನಮ್ಮ ಊರಿನ ಕರಡಿಯ ವಿಷಯದಲ್ಲಿ ಅಪಾಯ ತಿರುಗಿ ನಿಂತಿದೆ. ಅದು ನಮ್ಮ ಹತ್ತಿರ ಬರುವುದಿಲ್ಲ, ನಾವೇ ಗೊತ್ತಿಲ್ಲದೆ ಅದರ ಮೇಲೆ ಹೋಗಿ ಬೀಳುತ್ತೇವೆ.

ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದು ಅರ್ಥವಾದರೆ ಏನು ಮಾಡಬೇಕು ಅನ್ನುವುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನಮ್ಮ ಕರಡಿಯ ಮುಖ್ಯ ಊಟ ಗೆದ್ದಲು, ಇರುವೆ. ಜೊತೆಗೆ ಜೇನು, ನೇರಳೆ, ಅತ್ತಿ, ಕಕ್ಕೆಕಾಯಿಯ ತಿರುಳು, ಹಲಸು. ಅದರ ಬಾಯಿಯೇ ಗೆದ್ದಲಿಗಾಗಿ ಆದದ್ದು. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಇರುವುದಿಲ್ಲ. ಹುತ್ತ ಒಡೆದು, ಮಣ್ಣು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿನಿಂದ ಗೆದ್ದಲನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಆ ಸದ್ದು ನೂರು ಮೀಟರಿಗಿಂತ ಜಾಸ್ತಿ ದೂರಕ್ಕೂ ಕೇಳುತ್ತದೆ. ಮಗಳು ಕೇಳಿದ ಪಂಪು ಅದೇ.

ಈಗ ಯೋಚನೆ ಮಾಡಿ. ತಲೆಯನ್ನು ಗುಂಡಿಯೊಳಗೆ ಹಾಕಿ, ಅಷ್ಟು ಸದ್ದು ಮಾಡುತ್ತಾ ತಿನ್ನುವ ಪ್ರಾಣಿಗೆ ಹತ್ತಿರ ಬಂದವರ ಹೆಜ್ಜೆ ಕೇಳುವುದು ಹೇಗೆ? ಅದರ ಕಣ್ಣು ಅಷ್ಟು ಚುರುಕಲ್ಲ, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಬಹಳ ಚುರುಕು, ಆದರೆ ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿದ್ದರೆ ಮೂಗೂ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಮನುಷ್ಯ ಹತ್ತು ಹೆಜ್ಜೆಯ ಹತ್ತಿರ ಬರುವವರೆಗೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾದ ಕೂಡಲೇ ಅದು ಓಡುವ ಬದಲು ಮೇಲೆ ಬೀಳುವುದು ಜಾಸ್ತಿ.

ಯಾಕೆ ಓಡುವುದಿಲ್ಲ? ಈ ಪ್ರಾಣಿ ಸಾವಿರಾರು ವರ್ಷದಿಂದ ಹುಲಿ ಇರುವ ಕಾಡಿನಲ್ಲೇ ಬದುಕಿದೆ. ಹುಲಿಗಿಂತ ಜೋರಾಗಿ ಓಡಲು ಆಗುವುದಿಲ್ಲ. ಮರ ಹತ್ತಿದರೆ ಚಿರತೆಯೂ ಹತ್ತುತ್ತದೆ. ಅದಕ್ಕೆ ಉಳಿದದ್ದು ಒಂದೇ ದಾರಿ, ನಿಂತು ಎದುರಿಸುವುದು. ಮರಿ ಇದ್ದರಂತೂ ಇನ್ನೂ ಜಾಸ್ತಿ. ಹೆಣ್ಣು ಕರಡಿ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಓಡಾಡುತ್ತದೆ. ಮರಿ ಹುಟ್ಟುವುದು ಹೆಚ್ಚಾಗಿ ಡಿಸೆಂಬರ್, ಜನವರಿಯ ಹೊತ್ತಿಗೆ, ಗವಿಯಲ್ಲೋ ಬಂಡೆಯ ಸಂದಿನಲ್ಲೋ. ಎರಡು ಮೂರು ತಿಂಗಳಾದ ಮೇಲೆ ತಾಯಿಯ ಜೊತೆ ಹೊರಗೆ ಬರುತ್ತವೆ. ಅಂದರೆ ನಮ್ಮ ಮಕ್ಕಳಿಗೆ ಪರೀಕ್ಷೆ ಮುಗಿದು ರಜೆ ಸಿಗುವ ಹೊತ್ತಿಗೆ ಕಾಡಿನಲ್ಲಿ ಚಿಕ್ಕ ಮರಿ ಇರುವ ತಾಯಿ ಓಡಾಡುತ್ತಿರುತ್ತದೆ. ಹಿಮ ಬೀಳುವ ದೇಶದ ಕರಡಿಯ ಹಾಗೆ ನಮ್ಮದು ತಿಂಗಳುಗಟ್ಟಲೆ ಮಲಗುವುದೂ ಇಲ್ಲ, ವರ್ಷವಿಡೀ ಓಡಾಡುತ್ತದೆ.

ನನಗೆ ಇದನ್ನೆಲ್ಲ ತಿಳಿದ ಮೇಲೆ ಕರಡಿಯ ಮೇಲೆ ಸಿಟ್ಟು ಬರಲಿಲ್ಲ, ಪಾಪ ಅನಿಸಿತು. ಚಿಕ್ಕವಳಿದ್ದಾಗ ಉಡುಪಿಯ ನಮ್ಮ ಓಣಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಮೂಗಿಗೆ ಹಗ್ಗ ಚುಚ್ಚಿ ಕುಣಿಸುತ್ತಿದ್ದರು. ಮಕ್ಕಳ ಹೆದರಿಕೆ ಹೋಗಲಿ ಅಂತ ಅಜ್ಜಿ ಅದರ ಕೂದಲು ತೆಗೆದುಕೊಂಡು ತಾಯಿತದೊಳಗೆ ಹಾಕಿ ನನ್ನ ಕುತ್ತಿಗೆಗೆ ಕಟ್ಟಿದ್ದರು. ಆ ಆಟ ಈಗ ಇಲ್ಲ. ಹಾಗೆ ಬಿಡಿಸಿಕೊಂಡು ಬಂದ ಕರಡಿಗಳನ್ನು ಬನ್ನೇರುಘಟ್ಟದಲ್ಲಿ ಸಾಕುತ್ತಿದ್ದಾರೆ. ಕಾನೂನಿನಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಕರಡಿಗೂ ಇದೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಅದರ ಹೆಸರಿದೆ. ಹಂಪಿಯ ಹತ್ತಿರದ ದರೋಜಿಯಲ್ಲಿ 1994ರಿಂದ ಕರಡಿಗಾಗಿಯೇ ಒಂದು ಧಾಮ ಇದೆ. ಮಕ್ಕಳಿಗೆ ಕರಡಿ ತೋರಿಸಬೇಕು ಅಂತಿದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ, ಸಂಜೆ ಹೊತ್ತು ವೀಕ್ಷಣಾ ಗೋಪುರದಿಂದ ದೂರದ ಬಂಡೆಯ ಮೇಲೆ ಕಾಣುತ್ತವೆ.

ಸರಿ, ಈಗ ನಾವು ಏನು ಮಾಡುತ್ತೇವೆ ಅಂತ ಹೇಳುತ್ತೇನೆ.

ಮೊದಲನೆಯದು ಬಾಯಿ. ಗುಡ್ಡೆಯ ದಾರಿಯಲ್ಲಿ, ತೋಡಿನ ಹತ್ತಿರ, ಪೊದೆ ಇರುವ ತಿರುವಿನಲ್ಲಿ ನಾವು ಮಾತಾಡುತ್ತಾ ನಡೆಯುತ್ತೇವೆ. ಕಿರುಚಬೇಕಾಗಿಲ್ಲ, ಬೊಬ್ಬೆ ಹೊಡೆಯಬೇಕಾಗಿಲ್ಲ, ಸಾಧಾರಣ ದೊಡ್ಡ ದನಿಯಲ್ಲಿ ಮಾತು, ನಡುವೆ ಒಂದು ಚಪ್ಪಾಳೆ. ನೀರು ಹರಿಯುವ ಕಡೆ ಸ್ವಲ್ಪ ಜೋರಾಗಿ, ಯಾಕಂದ್ರೆ ನೀರಿನ ಸದ್ದು ನಮ್ಮ ದನಿಯನ್ನು ನುಂಗುತ್ತದೆ. ಕಾಡಿನಲ್ಲಿ ಮಕ್ಕಳಿಗೆ "ಶ್, ಸುಮ್ನಿರಿ" ಅನ್ನುವ ನಮ್ಮ ಅಭ್ಯಾಸವನ್ನು ಕರಡಿ ಇರುವ ಕಡೆ ಬಿಡಲೇಬೇಕು. ಹಕ್ಕಿ ನೋಡಬೇಕಾದರೆ ಒಂದು ಕಡೆ ಕೂತು ನೋಡಿ, ಸದ್ದಿಲ್ಲದೆ ನಡೆಯಬೇಡಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ಒಬ್ಬರೇ ಹೋಗುವುದಿಲ್ಲ. ಬೆಳಗಿನ ಜಾವ, ಸಂಜೆ ಕತ್ತಲಾಗುವ ಹೊತ್ತು, ರಾತ್ರಿ, ಈ ಹೊತ್ತಿನಲ್ಲಿ ಮಕ್ಕಳು ಟೆಂಟಿನಿಂದ ಒಬ್ಬರೇ ಇಳಿಯುವ ಹಾಗಿಲ್ಲ. ಮೂತ್ರಕ್ಕೆ ಹೋಗಬೇಕಾದರೂ ನಮ್ಮಲ್ಲೊಬ್ಬರನ್ನು ಎಬ್ಬಿಸಬೇಕು. ಟಾರ್ಚ್ ಹೊತ್ತಿಸಿ, ಮೊದಲು ಸುತ್ತ ಬೆಳಕು ಹಾಯಿಸಿ, ಎರಡು ಮಾತಾಡಿ, ಆಮೇಲೆ ಕಾಲಿಡುವುದು. ನಡೆಯುವಾಗ ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ. ಹಾಗಂತ ಹಗಲು ಪೂರ್ತಿ ನಿಶ್ಚಿಂತೆ ಅಂತ ತಿಳಿಯಬೇಡಿ. ನಮ್ಮ ದೇಶದಲ್ಲಿ ಕರಡಿಯಿಂದ ಗಾಯಗೊಂಡವರಲ್ಲಿ ತುಂಬಾ ಜನ ಹಗಲು ಹೊತ್ತಲ್ಲೇ ಸೌದೆಗೆ, ಹಣ್ಣಿಗೆ, ದನ ಮೇಯಿಸಲು ಹೋದವರು. ಪೊದೆಯ ನೆರಳಿನಲ್ಲಿ ಮಲಗಿದ ಕರಡಿಯನ್ನು ಗೊತ್ತಿಲ್ಲದೆ ಎಬ್ಬಿಸಿದವರು.

ಟೆಂಟ್ ಹಾಕುವ ಮೊದಲು ಸುತ್ತ ಒಂದು ಸುತ್ತು ಬರಬೇಕು, ನಾನು ಅವತ್ತು ಮಾಡದ ಕೆಲಸ ಇದು. ಹೊಸದಾಗಿ ಅಗೆದ ಹುತ್ತ, ಹಣ್ಣು ಬಿಟ್ಟ ಅತ್ತಿ ಅಥವಾ ನೇರಳೆ ಮರ, ಜೇನು ಇರುವ ಮರದ ತೊಗಟೆಯಲ್ಲಿ ಉಗುರಿನ ಗುರುತು, ಬೀಜ ತುಂಬಿದ ಲದ್ದಿ, ಬಂಡೆಯ ಸಂದು, ಇವು ಯಾವುದಾದರೂ ಹತ್ತಿರ ಕಂಡರೆ ಅಲ್ಲಿ ಬೇಡ. ಬಯಲು ಜಾಗ, ನಾಲ್ಕು ಕಡೆ ಕಣ್ಣಿಗೆ ಕಾಣುವ ಜಾಗ ಒಳ್ಳೆಯದು. ಊರಿನವರನ್ನು ಕೇಳಿ. ನಾವು ಬಂದ ದಿನವೇ ಮಾವನನ್ನು "ಇಲ್ಲಿ ಕರಡಿ ಉಂಟಾ" ಅಂತ ಕೇಳಿದ್ದರೆ ಅವರು ಅಂಗಳದಲ್ಲೇ ಟೆಂಟ್ ಹಾಕಿಸುತ್ತಿದ್ದರು.

ನಾಯಿಯನ್ನು ಕರೆದುಕೊಂಡು ಹೋಗುತ್ತೇವೆ ಅನ್ನುವವರು ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಬೊಗಳುತ್ತಾ ಮುಂದೆ ಓಡಿದ ನಾಯಿ ಹೆದರಿದಾಗ ವಾಪಸ್ ಓಡಿ ಬರುವುದು ನಮ್ಮ ಕಾಲ ಬುಡಕ್ಕೇ, ಹಿಂದೆ ಕರಡಿಯೂ ಬರಬಹುದು. ಮತ್ತೆ ನಮ್ಮ ಕಡೆ ನಾಯಿ ಹಿಡಿಯುವ ಚಿರತೆಯ ಹೆದರಿಕೆ ಬೇರೆ.

ಎದುರಿಗೇ ಸಿಕ್ಕಿಬಿಟ್ಟರೆ? ದೂರದಲ್ಲಿ ಕಂಡರೆ ಅಲ್ಲೇ ನಿಲ್ಲಬೇಕು. ಚಿಕ್ಕ ಮಗುವನ್ನು ಎತ್ತಿಕೊಳ್ಳಿ, ದೊಡ್ಡ ಮಗುವಿನ ಕೈ ಹಿಡಿಯಿರಿ. ಮೆಲ್ಲಗೆ ಮಾತಾಡುತ್ತಾ, ಬೆನ್ನು ತೋರಿಸದೆ, ಹಿಂದೆ ಹಿಂದೆ ಹೋಗಿ. ಅದಕ್ಕೆ ಹೋಗಲು ದಾರಿ ಬಿಡಿ. ಕಲ್ಲು ಎಸೆಯಬೇಡಿ, ಫೋಟೋ ತೆಗೆಯಲು ನಿಲ್ಲಬೇಡಿ. ಅದು ಎರಡು ಕಾಲಲ್ಲಿ ಎದ್ದು ನಿಂತರೆ ಎಷ್ಟೋ ಸಲ ವಾಸನೆ ಹಿಡಿದು ಏನು ಅಂತ ತಿಳಿಯಲು ನೋಡುತ್ತಿರುತ್ತದೆ. ಓಡಬೇಡಿ, ನಾವು ಓಡುವುದಕ್ಕಿಂತ ಅದು ಜೋರಾಗಿ ಓಡುತ್ತದೆ. ಮರ ಹತ್ತುವುದೂ ಪ್ರಯೋಜನ ಇಲ್ಲ, ಜೇನಿಗಾಗಿ ದಿನಾ ಮರ ಹತ್ತುವ ಪ್ರಾಣಿ ಅದು. ಮೇಲೆ ಬಿದ್ದೇ ಬಿಟ್ಟಿತು ಅಂತಾದರೆ ಕವುಚಿ ಮಲಗಬೇಕು. ಮುಖ ನೆಲಕ್ಕೆ, ಎರಡೂ ಕೈ ಬೆರಳು ಹೆಣೆದು ಕುತ್ತಿಗೆಯ ಹಿಂದೆ, ಬೆನ್ನಿನ ಬ್ಯಾಗ್ ಬೆನ್ನಿನಲ್ಲೇ ಇರಲಿ. ನಮ್ಮ ಕರಡಿ ಮಾಡುವ ಗಾಯ ಹೆಚ್ಚಾಗಿ ಮುಖಕ್ಕೆ, ತಲೆಗೆ. ತಿನ್ನಲು ಬಂದದ್ದಲ್ಲ, ತನಗೆ ಅಪಾಯ ಇಲ್ಲ ಅಂತ ಗೊತ್ತಾದರೆ ಸಾಮಾನ್ಯವಾಗಿ ಬಿಟ್ಟು ಹೋಗುತ್ತದೆ. ಅಮೆರಿಕದ ಕಪ್ಪು ಕರಡಿ ಮೇಲೆ ಬಿದ್ದರೆ ತಿರುಗಿ ಹೊಡೆಯಬೇಕು ಅಂತ ಅಲ್ಲಿ ಹೇಳಿಕೊಡುತ್ತಾರೆ, ಅದನ್ನು ಇಲ್ಲಿಗೆ ತರಬೇಡಿ. ಅಲ್ಲೇ ಒಂದು ಪಾರ್ಕಿನ ನಿಯಮ ಇನ್ನೊಂದಕ್ಕೆ ಇಲ್ಲ. ಯೆಲ್ಲೊಸ್ಟೋನ್‌ನಲ್ಲಿ ಕರಡಿಗೆ ಹೊಡೆಯುವ ಖಾರದ ಸ್ಪ್ರೇ ಕೈಯಲ್ಲೇ ಇರಲಿ ಅನ್ನುತ್ತಾರೆ, ಯೊಸೆಮಿಟಿಯಲ್ಲಿ ಅದನ್ನು ತರುವ ಹಾಗೇ ಇಲ್ಲ.

ಗಾಯವಾದರೆ 108ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926. ಘಟ್ಟದ ಬುಡದಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ಎಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಗಾಯ ಚಿಕ್ಕದು ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ರೇಬಿಸ್ ಲಸಿಕೆಯ ಪ್ರಶ್ನೆ ಇರುತ್ತದೆ.

ಹಾಗಾದ್ರೆ ಊಟದ ನಿಯಮ ಇಲ್ಲಿ ಬೇಡವಾ ಅಂತ ನನ್ನ ಗಂಡ ಕೇಳಿದರು. ಬೇಕು, ಖಂಡಿತ ಬೇಕು. ನೀಲಗಿರಿಯಲ್ಲಿ, ಕೂನೂರು ಕೋಟಗಿರಿ ಕಡೆ, ಇದೇ ಜಾತಿಯ ಕರಡಿಗಳು ಮನೆಯ ಬಾಗಿಲು ಮುರಿದು ಅಡುಗೆಮನೆಗೆ ನುಗ್ಗುತ್ತವೆ, ದೇವಸ್ಥಾನದ ದೀಪದ ಎಣ್ಣೆ ಕುಡಿಯುತ್ತವೆ. ಮೌಂಟ್ ಅಬುವಿನಲ್ಲಿ ಕಸದ ರಾಶಿಗೆ ಬರುತ್ತವೆ. ಅಂದರೆ ನಮ್ಮ ಕರಡಿಯೂ ಕಲಿಯುತ್ತದೆ, ಕಲಿಸಿದವರು ನಾವು. ಸೋಮೇಶ್ವರದ ಕರಡಿಗೆ ಇನ್ನೂ ಹುತ್ತವೇ ರುಚಿ. ಅದಕ್ಕೆ ಬಿಸ್ಕೆಟ್ ರುಚಿ ತೋರಿಸುವ ಪಾಪ ನಮಗೆ ಬೇಡ. ಬಾಳೆ ಸಿಪ್ಪೆ, ಮೀನಿನ ಮುಳ್ಳು, ಮಿಕ್ಕಿದ ಅನ್ನ, ಯಾವುದನ್ನೂ ಕಾಡಿನ ಅಂಚಿನಲ್ಲಿ ಬಿಸಾಡಬೇಡಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಂಗಗಳಿಗೆ ಚಿಪ್ಸ್ ಹಾಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಆ ಪ್ಯಾಕೆಟ್ ರಾತ್ರಿ ಯಾರ ಮೂಗಿಗೆ ಹೋಗುತ್ತದೆ ಅಂತ ಅವರು ಯೋಚಿಸುವುದಿಲ್ಲ.

ಇನ್ನೊಂದು ಮಾತು. ಈ ಪೋಸ್ಟ್ ಓದಿ ಕಾಡಿನೊಳಗೆ ಹೋಗಿ ಟೆಂಟ್ ಹಾಕಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ. ಕುದುರೆಮುಖ ಚಾರಣಕ್ಕೂ ಮೊದಲೇ ಬುಕ್ ಮಾಡಬೇಕು, ಹಗಲಲ್ಲೇ ಹೋಗಿ ಸಂಜೆಗೆ ಇಳಿಯಬೇಕು, ಮೇಲೆ ಉಳಿಯುವ ಹಾಗಿಲ್ಲ. ಟೆಂಟಿನ ಆಸೆ ಇದ್ದರೆ ಹೆಬ್ರಿ ಆಗುಂಬೆ ರಸ್ತೆಯಲ್ಲಿ ಸೀತಾನದಿ ನೇಚರ್ ಕ್ಯಾಂಪ್ ಇದೆ, ಇಲ್ಲವಾದರೆ ನಮ್ಮ ಹಾಗೆ ಪರಿಚಯದವರ ತೋಟ, ಅವರ ಒಪ್ಪಿಗೆ ಕೇಳಿ. ಒಣ ಎಲೆ ತುಂಬಿರುವ ಜನವರಿಯಿಂದ ಮೇ ತನಕ ಕಾಡಿನ ಹತ್ತಿರ ಕ್ಯಾಂಪ್‌ಫೈರ್ ಬೇಡ. ಮಳೆಗಾಲದಲ್ಲಿ ಟೆಂಟೇ ಬೇಡ, ಇಂಬಳ (ಜಿಗಣೆ) ಬಿಡುವುದಿಲ್ಲ.

ಮಗನಿಗೆ ಅವತ್ತು ಬೈಯಲಿಲ್ಲ, ತಪ್ಪು ಅವನದ್ದಲ್ಲ. ಮಾವನೇ ಅವನ ಕೈ ಹಿಡಿದು ಮತ್ತೆ ತೋಡಿನ ತನಕ ಹೋದರು. "ಇಲ್ಲಿಂದ ಮುಂದೆ ಎಂತ ಮಾಡ್ಬೇಕು ಹೇಳು" ಅಂದರು. ಅವನು ಎರಡು ಚಪ್ಪಾಳೆ ತಟ್ಟಿ "ನಾವು ಬರ್ತಾ ಇದ್ದೇವೆ" ಅಂತ ಕೂಗಿದ. ಮಾವನೂ ಅವನ ಜೊತೆ ಕೂಗಿದರು.

ಈ ಸಲ ಏಪ್ರಿಲ್‌ನಲ್ಲಿ ಮತ್ತೆ ಹೋಗುತ್ತಿದ್ದೇವೆ. ಟೆಂಟ್ ಅಂಗಳದಲ್ಲಿ, ಕೊಟ್ಟಿಗೆಯ ಪಕ್ಕ. ತೋಡಿಗೆ ಹೋಗುವ ದಾರಿಯ ಎರಡೂ ಬದಿಯ ಪೊದೆಯನ್ನು ಮಾವ ಕತ್ತಿ ಹಿಡಿದು ಸವರಿಸಿದ್ದಾರಂತೆ, ಮೂವತ್ತು ಹೆಜ್ಜೆ ದೂರದ ತನಕ ಕಾಣುತ್ತದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದರು. ಆ ಹುತ್ತವನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.